ಪದಪ್ರಮಾಣ: ಕುಂಚಾವರಂ ಕಾಡಿನಲ್ಲಿ ಶಾಲೆಯ ಮಕ್ಕಳು ಓದಿದ ಹೆಜ್ಜೆಗಳು

ಕಳವಾದಲ್ಲಿ ಕಳ್ಳನನ್ನು ಹಿಡಿಯುವುದಕ್ಕೆ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಹೇಳುವ ಗುರುತುಗಳಲ್ಲಿ ಎರಡು ಮುಖ್ಯವಾದುವು. ಒಂದು ಲೋಪ್ತ್ರ, ಎಂದರೆ ಅವನಲ್ಲಿ ಸಿಕ್ಕಿದ ಕಳವಿನ ಒಡವೆ, ಇನ್ನೊಂದು ಪದ. ಇಲ್ಲಿ ಪದವೆಂದರೆ ಶಬ್ದವಲ್ಲ, ಹೆಜ್ಜೆಯ ಗುರುತು. ನಮ್ಮ ಹೆಜ್ಜೆ ಎಂಬ ಮಾತಿನ ಹಳೆಯ ರೂಪವಾದ ಪಜ್ಜೆಯೂ ಪದ್ಯಾ ಶಬ್ದದ ತದ್ಭವವೆಂದೆಣಿಸುವುದು ಯುಕ್ತವಾಗಿ ತೋರುತ್ತದೆ. ವಸ್ತುವು ಕಳೆದುಹೋದ ಸ್ಥಳದಿಂದ ಮೊದಲುಮಾಡಿ ಹೆಜ್ಜೆಯನ್ನು ಅನುಸರಿಸಿ ಹೋಗಬೇಕೆಂದು ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಬಿಡಿಸಿ ಹೇಳಿದ್ದಾನೆ. ಅಷ್ಟೇ ಅಲ್ಲ, ಹೆಜ್ಜೆಯು ತಮ್ಮ ಎಲ್ಲೆಯನ್ನು ದಾಟಿ ಹೋದುದನ್ನು ಊರವರು ತೋರಿಸಲಾರದಿದ್ದರೆ ನಷ್ಟವನ್ನು ಅವರೇ ತುಂಬಿಕೊಡತಕ್ಕದ್ದು, ಅದು ಬೇರೊಂದು ಊರನ್ನು ಹೊಕ್ಕಿತೆಂದಾದರೆ ಆ ಹೊರೆ ಆ ಊರಿನದು. ಹುಡಿಯಲ್ಲಿ ಮೂಡಿದ ಗುರುತೊಂದು ಊರಿನ ಋಣವನ್ನು ನಿರ್ಣಯಿಸುತ್ತಿದ್ದಿತೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಗ್ರಂಥವು ಹುಟ್ಟಿದುದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. ೧೦೭೬–೧೧೨೬) ಆಳಿಕೆಯಲ್ಲಿ. ಶಹಾಬಾದದ ಬಳಿಯ ಮರತೂರು ವಿಜ್ಞಾನೇಶ್ವರನ ಊರೆಂದು ಕಲಬುರಗಿಯ ಸೀಮೆಯವರು ಹೇಳುವರು. ಆತನು ಈ ನೆಲದವನೇ ಆಗಿದ್ದರೆ, ಹೆಜ್ಜೆ ಎಲ್ಲಿ ನಿಲ್ಲುವುದು, ಎಲ್ಲಿ ನಿಲ್ಲದು ಎಂಬುದನ್ನು ಅರಿಯದೆ ಇರಲಾರನು. ವಾಡಿ ಶಹಾಬಾದಗಳ ಪರಸಿಕಲ್ಲಿನ ಹಾಸಿನ ಮೇಲೆ ಯಾವ ಪ್ರಾಣಿಯ ಹೆಜ್ಜೆಯೂ ಮೂಡದು. ಸೇಡಂ ಚಿತ್ತಾಪುರಗಳ ಎರೆಯ ನೆಲವು ಮಳೆಗಾಲದಲ್ಲಿ ಅದನ್ನು ಅಚ್ಚೊತ್ತಿದಂತೆ ಹಿಡಿದು, ಬೇಸಿಗೆಯಲ್ಲಿ ತಾನೇ ಬಿರಿದು ಕೆಡಿಸಿಬಿಡುವುದು. ಚಿಂಚೋಳಿಯ ಕಡೆಯ ಕೆಂಪು ಹುಡಿಯಲ್ಲಾದರೋ ಮೊಲದ ಉಗುರೂ ಕಾಣುವುದು. ಕಲ್ಲುಹಾಸಿನ ಮೇಲಿದ್ದ ಊರುಗಳಿಗೆ ಮೇಲಣ ವಿಧಿಯು ಬಹು ಕಠಿನವಾಗಿದ್ದಿರಬೇಕು.

ಈ ಪ್ರಸ್ತಾವಕ್ಕೆ ಕಾರಣವುಂಟು. ಕರ್ಣಾಟಕದ ಅರಣ್ಯ ಇಲಾಖೆಯವರು ‘ಚಿಣ್ಣರ ವನದರ್ಶನ’ವೆಂಬ ಹೆಸರಿನಿಂದ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಏರ್ಪಾಟನ್ನು ಮಾಡಿರುವರು, ಉಪಾಧ್ಯಾಯರು ತಾವಾಗಿ ಕರೆದೊಯ್ಯುವುದೂ ಉಂಟು. ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತಾರ ಸುಮಾರು ೧೩೫ ಚದರ ಕಿಲೋಮೀಟರು. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಬಾವಲಿ ಮೊದಲಾದುವು ಅಲ್ಲಿ ವಾಸಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ಇರುಳಿನಲ್ಲಿ ತಿರುಗುವುವಾದುದರಿಂದ ಬೆಳಗ್ಗೆ ಹೋದವರಿಗೆ ಪ್ರಾಣಿಯು ಕಾಣದು; ಕಾಣುವುದು ಅದು ಬಿಟ್ಟುಹೋದ ಕುರುಹು ಮಾತ್ರ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷದ ಪಾಠವಲ್ಲ, ಅನುಮಾನದ ಪಾಠ.

ಒಂದು ಪ್ರಾಥಮಿಕ ಶಾಲೆಯ ಮಕ್ಕಳೊಡನೆ ಚಂದ್ರಂಪಳ್ಳಿಯ ಜಲಾಶಯದ ಕಡೆಗೆ ನಾನೂ ಹೋಗಿದ್ದೆನು. ಮೊದಲು ಸಿಕ್ಕಿದುದು ಕಪ್ಪುಬಿಳುಪು ಪಟ್ಟೆಗಳುಳ್ಳ ಮುಳ್ಳುಹಂದಿಯ ಮುಳ್ಳು. ಮಕ್ಕಳಿಗೆ ಅದು ಆಟದ ವಸ್ತು. ಆದರೆ ಅಮರಸಿಂಹನು ಪ್ರಾಣಿಗೆ ಶ್ವಾವಿತ್ತು, ಶಲ್ಯವೆಂದು ಎರಡೇ ಹೆಸರುಗಳನ್ನು ಕೊಟ್ಟು, ಅದರ ಮುಳ್ಳಿಗೆ ಶಲಲೀ, ಶಲಲ, ಶಲವೆಂದು ಮೂರು ಹೆಸರುಗಳನ್ನು ಕೊಟ್ಟಿರುವುದನ್ನು ವಾಚಕರು ಬಲ್ಲರು. ಸೀಮಂತೋನ್ನಯನದಲ್ಲಿ ಗರ್ಭಿಣಿಯ ಬೈತಲೆಯನ್ನು ತೆಗೆಯುವುದಕ್ಕೆ ಗೃಹ್ಯಸೂತ್ರಕಾರರು ವಿಧಿಸಿದುದು ಮೂರು ಕಡೆ ಬಿಳುಪುಳ್ಳ ಈ ಶಲಲಿಯನ್ನೇ. ಪ್ರಾಣಿಯನ್ನು ಕೊಲ್ಲದೆಯೂ ಅದು ದೊರೆಯುತ್ತಿದ್ದಿತು. ಉದುರಿದುದನ್ನು ಕಾಡಿನಲ್ಲಿ ಆಯ್ದು ತಂದರೆ ಸಾಕಾಗಿತ್ತು. ಪ್ರಸಂಗವಶದಿಂದ ಇನ್ನೊಂದು ಮಾತು: ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ದೊರೆತಿರುವ ಅಶೋಕನ ಶಿಲೆಯಲ್ಲಿ ಮೃಗಗಳ ಮಾತಿಲ್ಲವಾದರೂ, ಪಟ್ಟಾಭಿಷೇಕದ ೨೬ನೆಯ ವರ್ಷದ ಆತನ ಐದನೆಯ ಸ್ತಂಭಶಾಸನವು ಅವಧ್ಯವೆಂದು ಎಣಿಸಿದ ಜೀವಿಗಳಲ್ಲಿ ಬಾವಲಿಯೂ, ವಿದ್ವಾಂಸರು ಮುಳ್ಳುಹಂದಿಯೆಂದು ಅರ್ಥೈಸಿರುವ ಸಯಕವೂ ಸೇರಿವೆ.

ನೀರಿನ ಅಂಚಿನ ಕೆಸರಿನಲ್ಲಿ ನಾಲ್ಕು ಬೆರಳುಗಳ, ಉಗುರು ಮೂಡಿದ ಹೆಜ್ಜೆಗಳ ಸಾಲೊಂದಿದ್ದಿತು. ಉಗುರು ಕಂಡುದರಿಂದ ಬೆಕ್ಕಿನ ಜಾತಿಯದಲ್ಲವೆಂದು ಉಪಾಧ್ಯಾಯರು ಹೇಳಿದರು. ಹುಡುಗರೆಲ್ಲರೂ ನಾಯಿಯೆಂದರು. ತಾಂಡಾದಿಂದ ಬರುವ ಬಾಲಿಕೆಯೊಬ್ಬಳು ಕುಳಿತು, ಎರಡು ಹೆಜ್ಜೆಗಳ ಮೇಲೆ ಅಂಗೈಯನ್ನು ಹಿಡಿದು ನೋಡಿ, “ಇದು ನಾಯೀದಲ್ರಿ ಸರ್. ಮುಂಗಾಲು ದೊಡ್ಡದದ, ಹಿಂಗಾಲು ಸಣ್ಣದದ” ಎಂದಳು. ಸ್ವಲ್ಪ ದೂರದಲ್ಲಿ ಸುಣ್ಣದಂತೆ ಬೆಳ್ಳಗಾದ ಹಿಕ್ಕೆಯು ಬಿದ್ದಿದ್ದಿತು. ಎಲುಬನ್ನು ಅಗಿದು ತಿನ್ನುವ ಕತ್ತೆಕಿರುಬದ ಹಿಕ್ಕೆಯು ಒಣಗಿದರೆ ಹಾಗಾಗುವುದು. ಬಾಲಿಕೆಯ ನಿರ್ಣಯವೇ ನಿಂತಿತು. ಅವಳು ಮನೆಮಾತಿನಲ್ಲಿ ಹೇಳಿದ ಹೆಸರಿಗೆ ಶಾಲೆಯ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಉಪಾಧ್ಯಾಯರು ಅಂಚಿನಲ್ಲಿ ಅದನ್ನೂ ಬರೆದುಕೊಂಡುದು ನನಗೆ ಬಹಳ ಮೆಚ್ಚಿಗೆಯಾಯಿತು. ಕೋಶದ ಸಿಂಹಾದಿವರ್ಗವನ್ನು ಕಂಠಪಾಠ ಮಾಡಿದವರು ನಮ್ಮ ಪಾಠಶಾಲೆಗಳಲ್ಲಿ ಅನೇಕರು. ತರಕ್ಷುವಿನ ಹೆಜ್ಜೆಯನ್ನು ಕಂಡವರು ವಿರಳ.

ಶಾಸ್ತ್ರಕಾರರೂ ಪ್ರಾಣಿಗಳನ್ನು ಕಾಲಿನಿಂದಲೇ ವಿಂಗಡಿಸಿದರು: ಒಂದೇ ಗೊರಸಿನ ಏಕಶಫ, ಸೀಳುಗೊರಸಿನ ದ್ವಿಶಫ, ಐದುಗುರಿನ ಪಂಚನಖ. ಇವುಗಳಲ್ಲಿ ಮೊದಲೆರಡು ನೆಲದ ಗುರುತಿನೊಡನೆ ಸರಿಹೊಂದುತ್ತವೆ, ಮೂರನೆಯದು ಹೊಂದದು. ನಾಯಿಯ ಮುಂಗಾಲಿನ ಐದನೆಯ ಉಗುರು ಮೇಲೆಯೇ ಉಳಿಯುವುದರಿಂದ ಹೆಜ್ಜೆಯಲ್ಲಿ ನಾಲ್ಕೇ ಕಾಣುವುವು. ಭಕ್ಷ್ಯಾಭಕ್ಷ್ಯವನ್ನು ವಿಚಾರಿಸಿದವರು ಪ್ರಾಣಿಯ ಮೈಯನ್ನು ನೋಡಿ ಎಣಿಸಿದರು, ಕಳವನ್ನು ವಿಚಾರಿಸಿದವರು ಮಣ್ಣನ್ನು ನೋಡಿ ಎಣಿಸಿದರು ಎಂದು ನನ್ನ ಅಭಿಪ್ರಾಯ.

ಈ ಎರಡನೆಯ ಎಣಿಕೆಯ ಬೆಲೆ ಇಂದಿಗೂ ಇಳಿದಿಲ್ಲ. ಕಾಡುಮೃಗವು ಆಡು ದನಗಳನ್ನು ಕೊಂದರೆ ಅರಣ್ಯ ಇಲಾಖೆಯಿಂದ ಪರಿಹಾರಧನವುಂಟು. ಊರನಾಯಿ ಕೊಂದರೆ ಅದು ಸಲ್ಲದು. ಕೊಂದುದು ಯಾವುದೆಂಬುದನ್ನು ಗಾಯದಿಂದಲೂ ಹೆಜ್ಜೆಯಿಂದಲೂ ತಿಳಿಯಬೇಕು. ಹಿಂದಿರುಗುವಾಗ ಆ ಬಾಲಿಕೆಯನ್ನು ಈ ವಿದ್ಯೆ ಹೇಗೆ ಬಂದಿತೆಂದು ಕೇಳಲು, ತಮ್ಮ ಎರಡು ಆಡುಗಳು ಇರುಳಿನಲ್ಲಿ ಸತ್ತುದನ್ನು ಹೇಳಿದಳು. ನೋಡುವವರು ಬರುವಷ್ಟರಲ್ಲಿ ಮಿಕ್ಕ ಆಡುಗಳು ದೊಡ್ಡಿಯ ಮುಂದಣ ನೆಲವನ್ನೆಲ್ಲ ತುಳಿದುಬಿಟ್ಟಿದ್ದುವು. ಪದವು ಕೆಟ್ಟಿತು, ಪ್ರಮಾಣವೂ ಕೆಟ್ಟಿತು, ಹಣವು ಬರಲಿಲ್ಲ. ಕಚ್ಛ ಗುಜರಾತಗಳ ಕಡೆ ಕಳ್ಳರ ಜಾಡನ್ನು ಹಿಡಿಯುವುದರಲ್ಲಿ ಹೆಸರಾದ ಪಗಿಗಳು ಮೊದಲ ಹೆಜ್ಜೆಯನ್ನು ಮುಚ್ಚಿ ಕಾಪಾಡುತ್ತಿದ್ದರಷ್ಟೆ. ಅವರ ಹೆಸರನ್ನೇ ಕೇಳದ ಈ ಬಾಲಿಕೆಯ ತಾಯಿಯೂ ಈಗ ದೊಡ್ಡಿಯ ಬಳಿ ಹೊಸ ಹೆಜ್ಜೆ ಕಂಡರೆ, ಆಡುಗಳನ್ನು ಹೊರಬಿಡುವುದಕ್ಕೆ ಮೊದಲು ಅದರ ಮೇಲೊಂದು ಬುಟ್ಟಿಯನ್ನು ಕವುಚಿ ಕಲ್ಲು ಹೇರಿಡುವಳಂತೆ.