ರೆಕಾರ್ಡುಗಳು ಮೌನವಾಗಿದ್ದ ದಿನಗಳು

ಹಳೆಯ ಜಾಝ್ ರೆಕಾರ್ಡುಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿಕೊಂಡು ಕೇಳುತ್ತಾ ಹೋದರೆ ಒಂದು ಕಡೆ ನೆಲ ಕುಸಿದಂತಾಗುತ್ತದೆ. 1940, 41ರಲ್ಲಿ ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್ ಅವರ ಬಿಗ್ ಬ್ಯಾಂಡ್‌ಗಳ ಅಬ್ಬರವಿದೆ. 1942ರ ಆಗಸ್ಟ್ ಬರುತ್ತಿದ್ದಂತೆ ಸದ್ದೇ ಇಲ್ಲ. ಇದು ಯುದ್ಧದ ಪರಿಣಾಮ ಎಂದೇ ನಾನು ಮೊದಲು ತಿಳಿದಿದ್ದೆ. ರೆಕಾರ್ಡಿಗೆ ಬೇಕಾದ ಅರಗು ಬಹುಪಾಲು ಭಾರತದಿಂದ ಹೋಗಬೇಕಿತ್ತು, ಅದಕ್ಕೆ ಅಭಾವವಿದ್ದದ್ದೂ ನಿಜ. ಆದರೆ ಮುಖ್ಯ ಕಾರಣ ಒಂದು ಮುಷ್ಕರ.

ಜೇಮ್ಸ್ ಪೆಟ್ರಿಲೊ ಅಧ್ಯಕ್ಷರಾಗಿದ್ದ ಅಮೆರಿಕದ ವಾದ್ಯಗಾರರ ಸಂಘ 1942ರ ಆಗಸ್ಟ್ 1ರಿಂದ ರೆಕಾರ್ಡ್ ಕಂಪನಿಗಳಿಗೆ ನುಡಿಸುವುದನ್ನು ನಿಲ್ಲಿಸಿತು. ಸಂಘದ ವಾದ ಸರಳವಾಗಿತ್ತು. ಸ್ಟುಡಿಯೋದಲ್ಲಿ ನುಡಿಸಿದವನಿಗೆ ಸಿಗುವುದು ಒಂದು ಸಲದ ಕೂಲಿ. ಅದೇ ರೆಕಾರ್ಡು ಜೂಕ್‌ಬಾಕ್ಸಿನಲ್ಲಿ, ರೇಡಿಯೋದಲ್ಲಿ ಸಾವಿರ ಸಲ ತಿರುಗಿ, ಹೋಟೆಲಿನಲ್ಲಿ ನುಡಿಸಿ ಬದುಕುವವನ ಅನ್ನ ಕಸಿಯುತ್ತದೆ.

ಹಾಡುಗಾರರು ಆ ಸಂಘದ ಸದಸ್ಯರಾಗಿರಲಿಲ್ಲ. ಹಾಗಾಗಿ 1943ರಲ್ಲಿ ಫ್ರಾಂಕ್ ಸಿನಾತ್ರಾ ವಾದ್ಯಗಳಿಲ್ಲದೆ, ಬರೀ ಕೋರಸ್ ಜೊತೆ ಹಾಡಿ ಮುದ್ರಿಸಿದರು. ಕೇಳುಗರ ಕಿವಿ ಬ್ಯಾಂಡಿನಿಂದ ಗಾಯಕನ ಕಡೆ ಹೊರಳಲು ಇದೂ ಒಂದು ಕಾರಣ.

ಸಂಗೀತ ನಾಟಕದ ಕಥೆ ಬೇರೆ. ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಅವರ 'ಓಕ್ಲಹೋಮ!' ಬ್ರಾಡ್‌ವೇಯಲ್ಲಿ ತೆರೆಕಂಡದ್ದು 1943ರ ಮಾರ್ಚ್ 31ರಂದು. ಸೆಪ್ಟೆಂಬರಿನಲ್ಲಿ ಡೆಕ್ಕಾ ಕಂಪನಿ ಸಂಘದೊಡನೆ ರಾಜಿಯಾದ ಮೇಲೆಯೇ, ಅಕ್ಟೋಬರಿನಲ್ಲಿ, ರಂಗದ ಮೇಲಿದ್ದ ನಟರು ಮತ್ತು ವಾದ್ಯವೃಂದದಿಂದಲೇ ಹಾಡುಗಳನ್ನು ಮುದ್ರಿಸಿದರು. ಆರು ರೆಕಾರ್ಡುಗಳ ಆ ಆಲ್ಬಂ ಗೆದ್ದ ನಂತರ, ಅಮೆರಿಕದಲ್ಲಿ ಮೂಲ ತಾರಾಗಣದ ಆಲ್ಬಂ ತರುವುದೇ ವಾಡಿಕೆಯಾಯಿತು.

ನಷ್ಟವೂ ಸಣ್ಣದಲ್ಲ. 1943ರ ಆರಂಭದಲ್ಲಿ ಅರ್ಲ್ ಹೈನ್ಸ್ ಬ್ಯಾಂಡಿನಲ್ಲಿ ಚಾರ್ಲಿ ಪಾರ್ಕರ್ ಮತ್ತು ಡಿಜ್ಜಿ ಗಿಲೆಸ್ಪಿ ಒಟ್ಟಿಗೆ ನುಡಿಸುತ್ತಿದ್ದರು. ಆ ಬ್ಯಾಂಡಿನ ಒಂದು ರೆಕಾರ್ಡೂ ಹೊರಬರಲಿಲ್ಲ. ಎಲಿಂಗ್ಟನ್ ತಮ್ಮ ದೀರ್ಘ ಕೃತಿ 'ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್' ಅನ್ನು ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು 1943ರ ಜನವರಿ 23ರಂದು. ಅಂದಿನ ಖಾಸಗಿ ಧ್ವನಿಮುದ್ರಣ ಜನರ ಕೈಗೆ ಬಂದದ್ದು 1977ರಲ್ಲಿ!

ಇದರಿಂದ ಇತಿಹಾಸವೇ ವಾರೆಯಾಗಿ ಕಾಣುತ್ತದೆ. 1945ರ ಪಾರ್ಕರ್-ಗಿಲೆಸ್ಪಿ ರೆಕಾರ್ಡು ಕೇಳಿದವರಿಗೆ ಬೀಬಾಪ್ ಆಕಾಶದಿಂದ ಉದುರಿದಂತೆ ಅನ್ನಿಸುತ್ತದೆ. ಅದು ಬಿಗ್ ಬ್ಯಾಂಡಿನ ಮಡಿಲಲ್ಲಿ, ರಾತ್ರಿ ಕ್ಲಬ್ಬುಗಳಲ್ಲಿ ನಿಧಾನವಾಗಿ ಬೆಳೆದದ್ದು. ಬೆಳೆದ ಸದ್ದು ಮಾತ್ರ ಉಳಿದಿಲ್ಲ.

ಹಾಗಾದರೆ ಮುಷ್ಕರ ತಪ್ಪೇ? ನನಗೆ ಹಾಗೆನ್ನಲು ಮನಸ್ಸಾಗದು. 1944ರ ನವೆಂಬರಿನಲ್ಲಿ ಕೊಲಂಬಿಯಾ ಮತ್ತು ವಿಕ್ಟರ್ ಕಂಪನಿಗಳೂ ಮಣಿದವು. ಮಾರಾಟವಾಗುವ ರೆಕಾರ್ಡುಗಳ ಲೆಕ್ಕದಲ್ಲಿ ಸಂಘದ ನಿಧಿಗೆ ಹಣ ಬರತೊಡಗಿತು. ನಮಗೆ ಇಂದು ಆಕರವಾಗಿರುವುದು ಅವರಿಗೆ ಅಂದು ಹೊಟ್ಟೆಪಾಡಾಗಿತ್ತು. ಮುಂದೆ ಯಾರೋ ಸಂಶೋಧನೆ ಮಾಡುತ್ತಾರೆಂದು ಅವರು ನುಡಿಸಬೇಕಿರಲಿಲ್ಲ.