ಹೈಫಾ ಗೆದ್ದ ಮೈಸೂರಿನವರು ಮತ್ತು ವಾಟ್ಸಾಪ್ ಲೆಕ್ಕ

ಸೆಪ್ಟೆಂಬರ್ 23 ಬಂತೆಂದರೆ ಅಹಮದಾಬಾದ್, ವಡೋದರಾ, ಸೂರತ್‌ನ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. 1918ರಲ್ಲಿ ಮೈಸೂರು, ಜೋಧಪುರ, ಹೈದರಾಬಾದ್‌ನ ಕುದುರೆ ಸವಾರರು ಬರೀ ಕತ್ತಿ, ಈಟಿ ಹಿಡಿದು ತುರ್ಕಿ, ಜರ್ಮನ್ ಸೈನಿಕರ ಗುಂಡಿಗೆ ಎದೆಯೊಡ್ಡಿ ಹೈಫಾ ನಗರ ಗೆದ್ದರು, 900 ಜನ ಹುತಾತ್ಮರಾದರು ಎಂದು. ಓದಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ದಿನವಿಡೀ ಡೇಟಾ ಜೊತೆ ಗುದ್ದಾಡುವ ನನಗೆ ಸಂಖ್ಯೆ ಕಂಡರೆ ಅದರ ಮೂಲ ಹುಡುಕುವ ಚಟ.

ಬ್ರಿಟಿಷ್ ಸೇನಾ ಇತಿಹಾಸಗಳ ಪ್ರಕಾರ ಅಂದು ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಸೆರೆ ಸಿಕ್ಕ ಶತ್ರುಗಳು 1,350, ವಶವಾದ ಫಿರಂಗಿಗಳು 17. ಹಾಗಾದರೆ 900 ಎಲ್ಲಿಂದ ಬಂತು? ಇಂದಿನ ಇಸ್ರೇಲ್‌ನ ಬೇರೆ ಬೇರೆ ಸ್ಮಶಾನಗಳಲ್ಲಿರುವ ಭಾರತೀಯ ಸೈನಿಕರ ಒಟ್ಟು ಲೆಕ್ಕ ಸುಮಾರು ಅಷ್ಟು. ಅದನ್ನೆಲ್ಲ ಒಂದೇ ದಿನದ ಖಾತೆಗೆ ಬರೆದಿದ್ದಾರೆ!

ಹೈದರಾಬಾದ್‌ನವರು ಅದೇ 15ನೇ ಬ್ರಿಗೇಡ್‌ನವರಾದರೂ ಹೈಫಾ ದಾಳಿಯಲ್ಲಿ ಇರಲಿಲ್ಲ. ದೆಹಲಿಯ ತೀನ್ ಮೂರ್ತಿ ಇಡೀ ಬ್ರಿಗೇಡ್‌ನ ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾ ಸೇವೆಯ ಸ್ಮಾರಕ. 2018ರಲ್ಲಿ ಚೌಕದ ಹೆಸರಿಗೆ ಹೈಫಾ ಸೇರಿದ ಮೇಲೆ ಗೊಂದಲ ಇನ್ನೂ ಹೆಚ್ಚಿತು. ಅಂದಹಾಗೆ, ಈ ಬ್ರಿಗೇಡ್‌ನಲ್ಲಿ ಕಾಠಿಯಾವಾಡದ ಸಿಗ್ನಲ್ ತುಕಡಿಯೂ ಇತ್ತು. ಪಕ್ಕದ ಮನೆಯ ಗುಜರಾತಿ ಬೆನ್‌ಗೆ ಹೇಳಿ ನೋಡಿ!

ನನಗೆ ಹೆಚ್ಚು ಚುಚ್ಚುವುದು ‘ಬರೀ ಕತ್ತಿ’ ಎಂಬ ಮಾತು. ಅದರಡಿ ನಮ್ಮ ಮೈಸೂರಿನವರ ಕೆಲಸವೇ ಮುಚ್ಚಿಹೋಗುತ್ತದೆ. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳು ಕೆಳಗಿನ ದಾರಿಗೆ ಗುರಿಯಿಟ್ಟಿದ್ದವು. ಅವುಗಳ ಬಾಯಿ ಮುಚ್ಚಿಸಲು ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್ ಮೆಷಿನ್‌ಗನ್‌ಗಳ ಜೊತೆ ಆ ಕಡಿದಾದ ಬೆಟ್ಟ ಹತ್ತಿತು; ಹಿಂದಿನಿಂದ ಬ್ರಿಟಿಷ್ ಅಶ್ವದಳದ ಒಂದು ಸ್ಕ್ವಾಡ್ರನ್ ನೆರವಿಗೆ ಹೋಯಿತು. ಕೆಳಗೆ ಫಿರಂಗಿದಳದ ಬೆಂಬಲವೂ ಇತ್ತು. ಮಧ್ಯಾಹ್ನ 2ರ ಹೊತ್ತಿಗೆ ಜೋಧಪುರದವರು ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಉಳಿದ ಮೈಸೂರು ಸವಾರರು ಅವರ ಬೆನ್ನಿಗೇ ಊರೊಳಗೆ ಹೊಕ್ಕರು.

ಎರಡನೇ ಮಹಾಯುದ್ಧದ ಮೊದಲ ದಿನ, 1939ರ ಸೆಪ್ಟೆಂಬರ್ 1ರಂದು, ಪೋಲೆಂಡ್‌ನ ಕ್ರೋಯಾಂಟಿಯಲ್ಲೂ ಹೀಗೇ ಒಂದು ಕಥೆ ಹುಟ್ಟಿತು. ಪೋಲಿಷ್ ಸವಾರರು ನುಗ್ಗಿದ್ದು ಜರ್ಮನ್ ಕಾಲಾಳುಗಳ ಮೇಲೆ. ಆಮೇಲೆ ಬಂದ ಕವಚದ ವಾಹನಗಳು ಅವರ ಮೇಲೆ ಗುಂಡು ಹಾರಿಸಿದವು. ನಂತರ ಪತ್ರಕರ್ತರಿಗೆ ಕಂಡದ್ದು ಸತ್ತ ಕುದುರೆಗಳು ಮತ್ತು ಜರ್ಮನ್ ಟ್ಯಾಂಕ್‌ಗಳು. ಈಟಿ ಹಿಡಿದು ಟ್ಯಾಂಕ್ ಮೇಲೆ ಬಿದ್ದರಂತೆ ಎಂಬ ಸುದ್ದಿ ಹಬ್ಬಿತು. ಹೊಗಳಿಕೆಯಂತೆ ಕೇಳಿದರೂ ಅದು ಆ ಸವಾರರನ್ನು ಬುದ್ಧಿಯಿಲ್ಲದವರನ್ನಾಗಿ ಮಾಡಿತು. ನಮ್ಮವರಿಗೂ ಅದೇ ಗತಿ ಯಾಕೆ?

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಕರೆದೊಯ್ಯಿರಿ. ಇನ್ನು ಆ ಸಂದೇಶ ಮತ್ತೆ ಬಂದರೆ, ಗೆಳತಿಯರೇ, 900 ತೆಗೆದು 8 ಎಂದು ತಿದ್ದಿ, ಬೆಟ್ಟ ಹತ್ತಿದವರ ಬಗ್ಗೆ ಒಂದು ಸಾಲು ಸೇರಿಸಿ ಮುಂದಕ್ಕೆ ಕಳಿಸಿ.