ಬಡ ಮಗುವಿನ ಪಾಲು: ಅಮೆರಿಕದ ಶಾಲೆಗಳಲ್ಲಿ ಒಕ್ಕೂಟದ ಹಣ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪ ಎಲ್ಲಿಯೂ ಇಲ್ಲ. ಒಕ್ಕೂಟಕ್ಕೆ ವಹಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರತಕ್ಕವು ಎಂದು 1791ರಲ್ಲಿ ಜಾರಿಗೆ ಬಂದ ಹತ್ತನೆಯ ತಿದ್ದುಪಡಿ ಹೇಳಿದ್ದರಿಂದ ಶಾಲೆಗಳ ಹೊಣೆ ರಾಜ್ಯಗಳ ಪಾಲಿಗೆ ಬಂತು. ರಾಜ್ಯಗಳು ಅದನ್ನು ಶಾಲಾ ಜಿಲ್ಲೆಗಳೆಂಬ ಸ್ಥಳೀಯ ಘಟಕಗಳಿಗೆ ವಹಿಸಿದವು. ಶಾಲಾ ಜಿಲ್ಲೆಯೆಂದರೆ ಕಂದಾಯದ ಜಿಲ್ಲೆಯಲ್ಲ. ಬಹುಮಟ್ಟಿಗೆ ತನ್ನದೇ ಚುನಾಯಿತ ಮಂಡಳಿಯನ್ನು ಹೊಂದಿ, ತನ್ನ ಎಲ್ಲೆಯೊಳಗಿನ ಮನೆ, ನಿವೇಶನ, ಕಾರ್ಖಾನೆಗಳ ಮೇಲೆ ಆಸ್ತಿ ತೆರಿಗೆ ವಿಧಿಸಿ ಶಾಲೆಗಳನ್ನು ನಡೆಸುವ ಸಂಸ್ಥೆ ಅದು. ಭಾರತದಲ್ಲಿ 1976ರ ನಲವತ್ತೆರಡನೆಯ ತಿದ್ದುಪಡಿ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ತಂದು ಕೇಂದ್ರಕ್ಕೆ ನೇರವಾಗಿ ಶಾಸನ ಮಾಡುವ ದಾರಿ ತೆರೆಯಿತು. ಅಮೆರಿಕದ ಒಕ್ಕೂಟ ಸರ್ಕಾರಕ್ಕೆ ಅಂಥ ದಾರಿಯಿಲ್ಲದ ಕಾರಣ, ಹಣ ಕೊಟ್ಟು ಅದಕ್ಕೆ ಷರತ್ತು ಕಟ್ಟುವುದೇ ಶಾಲೆಯ ಬಾಗಿಲಿನವರೆಗೆ ಹೋಗಲು ಅದಕ್ಕಿದ್ದ ಮುಖ್ಯ ಉಪಾಯವಾಯಿತು. ಆ ಹಣ ರಾಜ್ಯ, ಜಿಲ್ಲೆ, ಶಾಲೆಗಳ ಕೈ ದಾಟುತ್ತ ಯಾರಿಗಾಗಿ ಹೊರಟಿತೋ ಅವರನ್ನು ಎಷ್ಟರಮಟ್ಟಿಗೆ ತಲುಪಿತು ಎಂಬುದೇ ಈ ಇತಿಹಾಸದ ತಿರುಳು.

ಒಕ್ಕೂಟದ ಮೊದಲ ನೆರವು ನೆಲದ ರೂಪದಲ್ಲಿ ಬಂತು, ಅದೂ ಸಂವಿಧಾನ ರಚನೆಯಾಗುವುದಕ್ಕೆ ಮುಂಚೆ. 1785ರ ಭೂ ಸುಗ್ರೀವಾಜ್ಞೆಯು ಪಶ್ಚಿಮದ ಪ್ರದೇಶವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ ಅಳೆಸಿ, ಪ್ರತಿಯೊಂದನ್ನೂ 640 ಎಕರೆಯ 36 ಚೌಕಗಳಾಗಿ ವಿಭಾಗಿಸಿ, ಹದಿನಾರನೆಯ ಚೌಕವನ್ನು ಸಾರ್ವಜನಿಕ ಶಾಲೆಗೆಂದು ಕಾದಿರಿಸಿತು. ಆ ಚೌಕ ಫಲವತ್ತಾದ ಹೊಲವಾಗಬಹುದಿತ್ತು, ಜೌಗು ನೆಲವೂ ಆಗಬಹುದಿತ್ತು. ಅದನ್ನು ಗೇಣಿಗೆ ಕೊಡುವುದೋ ಮಾರುವುದೋ ಎಂಬ ತೀರ್ಮಾನ ಮಾತ್ರ ಸ್ಥಳೀಯರ ಕೈಯಲ್ಲಿತ್ತು. ಷಿಕಾಗೊದಲ್ಲಿ ಶಾಲೆಯ ಚೌಕ ಇಂದಿನ ನಗರದ ನಡುಭಾಗಕ್ಕೇ ಬಿದ್ದಿತ್ತು. 1833ರಲ್ಲಿ, ಊರು ಇನ್ನೂ ಕೆಲವು ನೂರು ಜನರ ನೆಲೆಯಾಗಿದ್ದಾಗ, ಅದರ 142 ಭಾಗಗಳಲ್ಲಿ ನಾಲ್ಕನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲವನ್ನೂ ಸುಮಾರು 38,000 ಡಾಲರಿಗೆ ಮಾರಲಾಯಿತು. ತಲೆತಲಾಂತರಕ್ಕೆ ಶಾಲೆಗಳನ್ನು ಸಾಕಬಹುದಾಗಿದ್ದ ಆಸ್ತಿ ಹೀಗೆ ಒಂದೇ ಹರಾಜಿನಲ್ಲಿ ಕರಗಿತು. ಕೊಡುವವರ ಉದ್ದೇಶ ಒಂದು, ವಿನಿಯೋಗಿಸುವವರ ತುರ್ತು ಇನ್ನೊಂದು ಎಂಬ ಬಿರುಕು ಆಗಲೇ ಕಾಣಿಸಿಕೊಂಡಿತ್ತು.

ಮುಂದಿನ ಒಂದು ಶತಮಾನಕ್ಕೂ ಹೆಚ್ಚು ಕಾಲ ನೇರ ಹಣದ ನೆರವಿಗೆ ಆದ ಪ್ರಯತ್ನಗಳು ಬಹುಪಾಲು ಸೋತವು. ಅನಕ್ಷರತೆಯ ಪ್ರಮಾಣಕ್ಕೆ ಅನುಗುಣವಾಗಿ ರಾಜ್ಯಗಳಿಗೆ ಹಣ ಹಂಚಬೇಕೆಂದು ಸೆನೆಟರ್ ಹೆನ್ರಿ ಬ್ಲೇರ್ ಮಂಡಿಸಿದ ಮಸೂದೆ 1880ರ ದಶಕದಲ್ಲಿ ಮೂರು ಸಲ ಸೆನೆಟ್‌ನ ಒಪ್ಪಿಗೆ ಪಡೆದರೂ ಕೆಳಮನೆಯನ್ನು ದಾಟಲಿಲ್ಲ. ದಾಟಿದ್ದು ಗೊತ್ತಾದ ಉದ್ದೇಶಕ್ಕೆ ಕಟ್ಟಿಹಾಕಿದ ಅನುದಾನಗಳು ಮಾತ್ರ: 1917ರ ಸ್ಮಿತ್-ಹ್ಯೂಸ್ ಕಾನೂನು ವೃತ್ತಿ ಶಿಕ್ಷಣಕ್ಕೆ, 1946ರ ಕಾನೂನು ಶಾಲೆಯ ಮಧ್ಯಾಹ್ನದ ಊಟಕ್ಕೆ, ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ ಬಂದ ಕಾನೂನು ವಿಜ್ಞಾನ, ಗಣಿತ ಮತ್ತು ವಿದೇಶಿ ಭಾಷೆಗಳಿಗೆ ಹಣ ಒದಗಿಸಿದವು. ಸಾಮಾನ್ಯ ನೆರವಿಗೆ ಅಡ್ಡ ನಿಂತದ್ದು ಮುಖ್ಯವಾಗಿ ಎರಡು ಪ್ರಶ್ನೆಗಳು. ಕರಿಯರನ್ನು ಬೇರೆ ಶಾಲೆಯಲ್ಲಿ ಕೂರಿಸುವ ದಕ್ಷಿಣದ ರಾಜ್ಯಗಳಿಗೆ ಒಕ್ಕೂಟದ ಹಣ ಹೋಗಬೇಕೆ ಎಂಬುದು ಮೊದಲನೆಯದು. ಕ್ಯಾಥೊಲಿಕ್ ಶಾಲೆಗಳ ಮಕ್ಕಳಿಗೂ ಪಾಲು ಸಿಗಬೇಕೆ ಎಂಬುದು ಎರಡನೆಯದು. ಒಕ್ಕೂಟದ ಹಣ ಪಡೆಯುವ ಯಾವ ಕಾರ್ಯಕ್ರಮದಲ್ಲೂ ಜನಾಂಗಭೇದ ಸಲ್ಲದೆಂದು 1964ರ ನಾಗರಿಕ ಹಕ್ಕುಗಳ ಕಾನೂನು ವಿಧಿಸಿ ಮೊದಲ ತೊಡಕನ್ನು ಬಿಡಿಸಿತು. ನೆರವು ಸಲ್ಲುವುದು ಶಾಲೆಗಲ್ಲ, ಬಡ ಮಗುವಿಗೆ, ಆದ್ದರಿಂದ ಆ ಮಗು ಧಾರ್ಮಿಕ ಶಾಲೆಯಲ್ಲಿದ್ದರೂ ಸೇವೆ ಪಡೆಯಬಹುದು ಎಂಬ ವಾದ ಎರಡನೆಯದನ್ನು ಸಡಿಲಿಸಿತು.

1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾನೂನು ಈ ಎರಡು ಒಪ್ಪಂದಗಳ ಫಲ. ಯೌವನದಲ್ಲಿ ಟೆಕ್ಸಸ್‌ನ ಕೊಟುಲ್ಲಾ ಎಂಬಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದ ಜಾನ್ಸನ್‌ಗೆ ಇದು ಕೇವಲ ರಾಜಕೀಯ ಲೆಕ್ಕಾಚಾರವಾಗಿರಲಿಲ್ಲ. ಕಾನೂನಿನ ಮೊದಲ ಭಾಗವನ್ನು ಇಂದಿಗೂ ಎಲ್ಲರೂ ಟೈಟಲ್ ಒನ್ ಎಂದೇ ಕರೆಯುತ್ತಾರೆ. ಮೊದಲ ವರ್ಷ ಅದೊಂದಕ್ಕೇ 100 ಕೋಟಿ ಡಾಲರಿಗಿಂತ ಹೆಚ್ಚು ಮೊತ್ತ ನಿಗದಿಯಾಯಿತು. ವರ್ಷಕ್ಕೆ 2,000 ಡಾಲರಿಗಿಂತ ಕಡಿಮೆ ವರಮಾನದ ಕುಟುಂಬಗಳ 5ರಿಂದ 17 ವರ್ಷದ ಮಕ್ಕಳನ್ನು ಎಣಿಸಿ, ಆ ಸಂಖ್ಯೆಯನ್ನು ರಾಜ್ಯವು ಒಬ್ಬ ವಿದ್ಯಾರ್ಥಿಗೆ ಮಾಡುವ ಸರಾಸರಿ ವೆಚ್ಚದ ಅರ್ಧದಿಂದ ಗುಣಿಸುವುದು ಹಂಚಿಕೆಯ ಸೂತ್ರ. ಬಡವರನ್ನು ಎಣಿಸುವ ಈ ಸೂತ್ರದಲ್ಲಿ ಒಂದು ವೈಪರೀತ್ಯವೂ ಅಡಗಿತ್ತು: ಹೆಚ್ಚು ಖರ್ಚು ಮಾಡಬಲ್ಲ ನ್ಯೂಯಾರ್ಕ್‌ನ ಬಡ ಮಗುವಿಗೆ ಬಂದಷ್ಟು ಹಣ ಮಿಸಿಸಿಪ್ಪಿಯ ಬಡ ಮಗುವಿಗೆ ಬರುತ್ತಿರಲಿಲ್ಲ. ಆಮೇಲೆ ಅರ್ಧವೆಂಬುದು ಶೇ. 40 ಆಯಿತು, ರಾಜ್ಯದ ವೆಚ್ಚಕ್ಕೆ ರಾಷ್ಟ್ರೀಯ ಸರಾಸರಿಯ ಶೇ. 80 ಕೆಳಮಿತಿಯೂ ಶೇ. 120 ಮೇಲ್ಮಿತಿಯೂ ಬಂದವು. ಆದರೂ ವೆಚ್ಚ ಹೆಚ್ಚಿದ್ದಲ್ಲಿಗೆ ಹೆಚ್ಚು ಹಣ ಎಂಬ ತತ್ವ ಸೂತ್ರದಿಂದ ಪೂರ್ತಿ ಅಳಿಯಲಿಲ್ಲ. ಕಾಂಗ್ರೆಸ್ಸಿನಲ್ಲಿ ಬಹುಮತ ಗಿಟ್ಟಬೇಕಾದರೆ ಹೆಚ್ಚುಕಡಿಮೆ ಪ್ರತಿ ಸದಸ್ಯನ ಕ್ಷೇತ್ರಕ್ಕೂ ಒಂದಿಷ್ಟು ಹಣ ಹೋಗಲೇಬೇಕಿತ್ತು. ಈ ರಾಜಕೀಯ ಅನಿವಾರ್ಯತೆ ಹಣವನ್ನು ತೆಳುವಾಗಿ ಹರಡಿತು.

ಮೊದಲ ವರ್ಷಗಳಲ್ಲಿ ಆ ಹಣ ಏನಾಯಿತೆಂಬುದನ್ನು 1969ರಲ್ಲಿ ಹೊರಬಂದ ಒಂದು ವರದಿ ಬಯಲಿಗೆಳೆಯಿತು. ಟೈಟಲ್ ಒನ್ ಬಡ ಮಕ್ಕಳಿಗೆ ನೆರವಾಗುತ್ತಿದೆಯೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಹೊತ್ತ ಆ ವರದಿಯನ್ನು ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್ಲೂರ್ ಎಂಬ ಇಬ್ಬರು ಮಹಿಳೆಯರು ನಾಗರಿಕ ಹಕ್ಕುಗಳ ಸಂಘಟನೆಗಳ ಪರವಾಗಿ ಸಿದ್ಧಪಡಿಸಿದ್ದರು. ಹೊಸ ಆರೋಪಗಳಿಗಿಂತ ಹೆಚ್ಚಾಗಿ ಅವರು ನೆಚ್ಚಿದ್ದು ಸರ್ಕಾರದ್ದೇ ಲೆಕ್ಕತಪಾಸಣೆಯ ಕಡತಗಳನ್ನು. ಬಡ ಮಕ್ಕಳಿಗೆಂದು ಬಂದ ಹಣ ಈಜುಕೊಳಗಳಿಗೆ, ಆಟದ ಸಾಮಗ್ರಿಗೆ, ಕಟ್ಟಡಗಳಿಗೆ, ಎಲ್ಲ ಶಾಲೆಗಳ ಸಾಮಾನ್ಯ ಖರ್ಚಿಗೆ ಹರಿದುಹೋಗಿತ್ತು. ದಕ್ಷಿಣದ ಕೆಲವು ಜಿಲ್ಲೆಗಳು ಬಿಳಿಯರ ಶಾಲೆಗೆ ಮೊದಲೇ ಇದ್ದ ಸೌಕರ್ಯಗಳನ್ನು ಕರಿಯರ ಶಾಲೆಗೆ ಒಕ್ಕೂಟದ ಹಣದಿಂದ ಒದಗಿಸಿ, ತಮ್ಮ ಬೊಕ್ಕಸದ ಹಣವನ್ನು ಉಳಿಸಿಕೊಂಡಿದ್ದವು. ಬೇರ್ಪಟ್ಟ ಶಾಲೆಗಳನ್ನು ಒಡೆಯಲು ನೆರವಾಗಬೇಕಿದ್ದ ಹಣ ಅವುಗಳನ್ನೇ ಉಳಿಸಲು ಬಳಕೆಯಾದದ್ದು ಈ ಅಧ್ಯಾಯದ ಅತ್ಯಂತ ನೋವಿನ ಸಂಗತಿ. ವಾಷಿಂಗ್ಟನ್ನಿನ ಶಿಕ್ಷಣ ಕಚೇರಿಯಲ್ಲಿ ಇದನ್ನು ನೋಡಿಕೊಳ್ಳುವ ಸಿಬ್ಬಂದಿ ಬೆರಳೆಣಿಕೆಯಷ್ಟಿದ್ದರು, ರಾಜ್ಯಗಳ ಇಲಾಖೆಗಳು ಜಿಲ್ಲೆಗಳನ್ನು ಎದುರು ಹಾಕಿಕೊಳ್ಳಲು ಸಿದ್ಧವಿರಲಿಲ್ಲ.

ಈ ವರದಿಯ ಬಿಸಿಯಲ್ಲೇ ಇಂದಿಗೂ ಬಳಕೆಯಲ್ಲಿರುವ ನಿಯಮಗಳು ಬಿಗಿಯಾದವು. ಒಕ್ಕೂಟದ ಹಣ ಸ್ಥಳೀಯ ಹಣಕ್ಕೆ ಪೂರಕವಾಗಬೇಕೇ ಹೊರತು ಅದರ ಜಾಗವನ್ನು ತುಂಬಕೂಡದು ಎಂಬುದು ಪೂರಕತೆಯ ನಿಯಮ. ಟೈಟಲ್ ಒನ್ ಹಣ ಸೇರುವುದಕ್ಕೆ ಮುಂಚೆಯೇ ಬಡವರ ಶಾಲೆಗೂ ಜಿಲ್ಲೆಯ ಇತರ ಶಾಲೆಗಳಿಗೂ ಸರಿಸಮಾನ ಸೌಲಭ್ಯ ಇರಬೇಕು ಎಂಬುದು ಸಮಾನತೆಯ ನಿಯಮ. ನೆರವು ಬಂತೆಂದು ರಾಜ್ಯ ಮತ್ತು ಜಿಲ್ಲೆ ತಮ್ಮ ವೆಚ್ಚವನ್ನು ಇಳಿಸಬಾರದು ಎಂಬುದು ಮತ್ತೊಂದು.

ನಿಯಮಗಳು ಶಾಲೆಯ ಒಳಗಿನ ದಿನಚರಿಯನ್ನೇ ಬದಲಿಸಿದವು. ಹಣ ಬಡ ಮಗುವಿಗೇ ಖರ್ಚಾಯಿತೆಂದು ತಪಾಸಣೆಗಾರರಿಗೆ ತೋರಿಸುವ ಸುಲಭ ದಾರಿಯೆಂದರೆ ಆ ಮಗುವನ್ನು ತರಗತಿಯಿಂದ ಎಬ್ಬಿಸಿ ಬೇರೆ ಕೋಣೆಗೆ ಕರೆದೊಯ್ದು, ಟೈಟಲ್ ಒನ್ ಎಂದು ಗುರುತು ಹಾಕಿದ ಸಾಮಗ್ರಿಯಿಂದ, ಟೈಟಲ್ ಒನ್ ಹಣದಲ್ಲಿ ಸಂಬಳ ಪಡೆಯುವ ಶಿಕ್ಷಕರಿಂದಲೋ ಸಹಾಯಕರಿಂದಲೋ ಓದು, ಲೆಕ್ಕ ಕಲಿಸುವುದು. ಅರ್ಧ ಗಂಟೆಯ ಹೆಚ್ಚುವರಿ ಪಾಠಕ್ಕಾಗಿ ಮಗು ಅದೇ ಹೊತ್ತಿನ ತರಗತಿಯ ಪಾಠವನ್ನು ಕಳೆದುಕೊಳ್ಳುತ್ತಿತ್ತು. ಸರ್ಕಾರಿ ಶಿಕ್ಷಕರು ಧಾರ್ಮಿಕ ಶಾಲೆಯ ಒಳಗೆ ಕಾಲಿಡಕೂಡದೆಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪಿತ್ತಾಗ ಜಿಲ್ಲೆಗಳು ವ್ಯಾನುಗಳನ್ನು ಪಾಠದ ಕೋಣೆಗಳಾಗಿ ಮಾಡಿ, ಶಾಲೆಯ ಹೊರಗೆ ರಸ್ತೆಯಂಚಿನಲ್ಲಿ ನಿಲ್ಲಿಸಿ ಮಕ್ಕಳನ್ನು ಅಲ್ಲಿಗೆ ಕರೆಸಿಕೊಂಡವು. 1997ರಲ್ಲಿ ಅದೇ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡುವವರೆಗೆ ಪಾಠಕ್ಕೆ ಸಲ್ಲಬೇಕಿದ್ದ ಹಣದ ಒಂದು ಪಾಲು ಈ ವಾಹನಗಳಿಗೆ ಹೋಯಿತು. ಬಡ ಮಕ್ಕಳು ಹೆಚ್ಚಾಗಿರುವ ಶಾಲೆ ಹಣವನ್ನು ಇಡೀ ಶಾಲೆಯ ಸುಧಾರಣೆಗೆ ಬಳಸಬಹುದೆಂಬ ಸಡಿಲಿಕೆ ಮೊದಲು ಶೇ. 75ರಷ್ಟು ಬಡ ಮಕ್ಕಳಿದ್ದ ಶಾಲೆಗಳಿಗೆ ಸಿಕ್ಕಿ, 1994ರ ಕಾನೂನಿನಿಂದ ಶೇ. 50ಕ್ಕೆ, 2002ರಲ್ಲಿ ಸಹಿಯಾದ ಕಾನೂನಿನಿಂದ ಶೇ. 40ಕ್ಕೆ ಇಳಿಯಿತು. ಇದರಿಂದ ಪಾಠ ಒಡೆಯುವುದು ತಪ್ಪಿತು. ಯಾವ ಡಾಲರು ಯಾವ ಮಗುವಿಗೆ ಎಂಬ ಲೆಕ್ಕ ಮಸುಕಾಯಿತು.

ಮೇಲಿನಿಂದ ಬಂದ ಹಣ ಯಾವ ಅಡಿಪಾಯದ ಮೇಲೆ ಕೂತಿತ್ತೆಂಬುದನ್ನು ನೋಡದೆ ಅದನ್ನು ಅಳೆಯಲಾಗದು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಎರಡು ಶಾಲಾ ಜಿಲ್ಲೆಗಳ 1967–68ರ ಲೆಕ್ಕ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಮೆಕ್ಸಿಕನ್ ಮೂಲದವರೇ ಹೆಚ್ಚಾಗಿದ್ದ ಎಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಸ್ಥಳೀಯ ತೆರಿಗೆಯಿಂದ 26 ಡಾಲರ್, ರಾಜ್ಯದಿಂದ 222, ಒಕ್ಕೂಟದಿಂದ 108, ಒಟ್ಟು 356 ಡಾಲರ್ ಸಿಗುತ್ತಿತ್ತು. ಸಿರಿವಂತರ ಅಲಾಮೊ ಹೈಟ್ಸ್‌ನಲ್ಲಿ ಸ್ಥಳೀಯವಾಗಿ 333, ರಾಜ್ಯದಿಂದ 225, ಒಕ್ಕೂಟದಿಂದ 36, ಒಟ್ಟು 594 ಡಾಲರ್. ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುತ್ತಿದ್ದವರು ಎಜ್‌ವುಡ್‌ನವರು. ಅವರ ಮನೆಗಳಿಗೆ ಬೆಲೆಯಿರಲಿಲ್ಲ, ಅಷ್ಟೆ. ಒಕ್ಕೂಟ ಬಡ ಜಿಲ್ಲೆಗೆ ಮೂರು ಪಟ್ಟು ಕೊಟ್ಟರೂ ಅಂತರ ಮುಚ್ಚಲಿಲ್ಲ. ಅಲ್ಲಿನ ತಂದೆತಾಯಿಗಳು ಹೂಡಿದ ದಾವೆಯಲ್ಲಿ 1973ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಬಂದ ತೀರ್ಪು, ಶಿಕ್ಷಣವು ಒಕ್ಕೂಟದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕಲ್ಲವೆಂದು ಹೇಳಿ, ಅಂತರವನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಅಮೆರಿಕದ ಶಾಲಾ ಇತಿಹಾಸದಲ್ಲಿ ಬಡ ಮಗುವಿಗೆ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟ ಹಣಕಾಸಿನ ತೀರ್ಪು ಇನ್ನೊಂದಿಲ್ಲ.

ಆನಂತರದ ದಶಕಗಳು ಷರತ್ತುಗಳ ಏರಿಳಿತದವು. ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ 1975ರ ಕಾನೂನು ರಾಷ್ಟ್ರೀಯ ಸರಾಸರಿ ವೆಚ್ಚದ ಶೇ. 40ರವರೆಗೆ ಕೊಡುವ ಭರವಸೆಯಿತ್ತಿತು. ಅದು ಒಂದು ವರ್ಷವೂ ಪೂರ್ತಿ ಈಡೇರಿಲ್ಲವಾದ್ದರಿಂದ ಉಳಿದದ್ದನ್ನು ರಾಜ್ಯ, ಜಿಲ್ಲೆಗಳೇ ಭರಿಸುತ್ತಿವೆ. 1981ರಲ್ಲಿ ರೇಗನ್ ಸರ್ಕಾರ ಹಲವು ಸಣ್ಣ ಯೋಜನೆಗಳನ್ನು ಒಂದೇ ಗಂಟಾಗಿ ಕಟ್ಟಿ ರಾಜ್ಯಗಳ ಕೈಗಿತ್ತಿತು. 2002ರ ಕಾನೂನು ಹಣಕ್ಕೆ ಪರೀಕ್ಷೆಯ ಫಲಿತಾಂಶವನ್ನು ಗಂಟುಹಾಕಿ, 2014ರೊಳಗೆ ಪ್ರತಿ ಮಗುವೂ ನಿಗದಿತ ಮಟ್ಟ ಮುಟ್ಟಬೇಕೆಂದಿತು. ಅದು ಆಗದ ಮಾತೆಂದು ಒಪ್ಪಿ 2015ರ ಕಾನೂನು ಅಧಿಕಾರವನ್ನು ಮತ್ತೆ ರಾಜ್ಯಗಳಿಗೆ ಮರಳಿಸಿತು. ಕೋವಿಡ್ ಕಾಲದಲ್ಲಿ ಮೂರು ಕಂತುಗಳಲ್ಲಿ ಸುಮಾರು 19,000 ಕೋಟಿ ಡಾಲರ್ ಶಾಲೆಗಳಿಗೆ ಬಂತು. ಕೊನೆಯ ಕಂತಿನಲ್ಲಿ ಶೇ. 20ನ್ನು ಕಲಿಕೆಯ ನಷ್ಟ ತುಂಬಲು ಮೀಸಲಿಡಬೇಕಿತ್ತು, ಉಳಿದದ್ದಕ್ಕೆ ಅಂಥ ಕಟ್ಟುಪಾಡು ಕಡಿಮೆ. ಹೊಸ ಶಿಕ್ಷಕರ ನೇಮಕದಿಂದ ಗಾಳಿಯಾಟದ ಯಂತ್ರಗಳವರೆಗೆ ಅದು ಬಳಕೆಯಾಯಿತು. ಅದೊಂದು ಅಪವಾದ. ಸಾಮಾನ್ಯ ವರ್ಷಗಳಲ್ಲಿ ಶಾಲಾ ವರಮಾನದಲ್ಲಿ ಒಕ್ಕೂಟದ ಪಾಲು ಶೇ. 8ರ ಆಸುಪಾಸಿನಲ್ಲೇ ಇದೆ. ಟೈಟಲ್ ಒನ್‌ನ ವಾರ್ಷಿಕ ಮೊತ್ತ 1,840 ಕೋಟಿ ಡಾಲರಿನಷ್ಟು.

ಇಷ್ಟೆಲ್ಲ ನಿಯಮಗಳ ನಡುವೆ ಅತಿ ದೊಡ್ಡ ತೂತು ಉಳಿದಿರುವುದು ಸಮಾನತೆಯ ನಿಯಮದಲ್ಲೇ. ಶಾಲೆಗಳ ವೆಚ್ಚವನ್ನು ಹೋಲಿಸುವಾಗ ಸೇವಾ ಹಿರಿತನದಿಂದ ಬರುವ ಸಂಬಳದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ಕಾನೂನೇ ಹೇಳುತ್ತದೆ. ಅನುಭವಿ ಶಿಕ್ಷಕರು ಅನುಕೂಲಸ್ಥರ ಬಡಾವಣೆಯ ಶಾಲೆಗೆ ವರ್ಗ ಪಡೆದು, ಬಡವರ ಶಾಲೆಯಲ್ಲಿ ಹೊಸಬರೇ ಉಳಿದಾಗ, ಶಿಕ್ಷಕರ ತಲೆಯೆಣಿಕೆ ಎರಡೂ ಕಡೆ ಒಂದೇ ಆಗಿ ಕಾಗದದ ಮೇಲೆ ಸಮಾನತೆ ಸಾಧಿತವಾಗುತ್ತದೆ, ನಿಜವಾದ ಹಣ ಮಾತ್ರ ಬಡವರ ಶಾಲೆಗೆ ಕಡಿಮೆ ಹೋಗುತ್ತದೆ. 2008–09ರ ಲೆಕ್ಕಗಳನ್ನು ಪರಿಶೀಲಿಸಿ ಒಕ್ಕೂಟದ ಶಿಕ್ಷಣ ಇಲಾಖೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಟೈಟಲ್ ಒನ್ ಶಾಲೆಗಳಲ್ಲಿ ಶೇ. 40ಕ್ಕೂ ಹೆಚ್ಚಿನವು ಸಿಬ್ಬಂದಿಗೆ ಬಳಸಿದ ರಾಜ್ಯ ಮತ್ತು ಸ್ಥಳೀಯ ಹಣ ಅದೇ ಜಿಲ್ಲೆಯ, ಅದೇ ಹಂತದ ಇತರ ಶಾಲೆಗಳಿಗಿಂತ ಕಡಿಮೆಯಿತ್ತು. ನಿಜವಾದ ಸಂಬಳವನ್ನು ಸೇರಿಸಿ ಪ್ರತಿ ಶಾಲೆಯ ತಲಾ ವೆಚ್ಚವನ್ನು ಪ್ರಕಟಿಸಬೇಕೆಂದು 2015ರ ಕಾನೂನು ಕಡ್ಡಾಯ ಮಾಡಿದ ಮೇಲೆ ಈ ಅಂತರವನ್ನು ಯಾವ ತಂದೆತಾಯಿಯೂ ಓದಿ ತಿಳಿಯಬಹುದಾಗಿದೆ. ಅದನ್ನು ಸರಿಪಡಿಸಲು ಇಲಾಖೆ 2016ರಲ್ಲಿ ಮುಂದಿಟ್ಟ ಕರಡು ನಿಯಮ ರಾಜ್ಯಗಳ ಮತ್ತು ಕಾಂಗ್ರೆಸ್ಸಿನ ವಿರೋಧದಿಂದಾಗಿ ಮರುವರ್ಷದ ಜನವರಿಯಲ್ಲಿ ವಾಪಸಾಯಿತು, ಹಿರಿತನದ ಸಂಬಳವನ್ನು ಲೆಕ್ಕದಿಂದ ಬಿಡುವ ವಾಕ್ಯ ಕಾನೂನಿನಲ್ಲಿ ಹಾಗೆಯೇ ಇದೆ.